ಕಿಟಕಿ ದಳಿಯ ಧೂಳು: ಕಲ್ಲಿನ ಕೋರೆಯದ್ದಾ, ಆಸ್ಬೆಸ್ಟಾಸ್ ಶೀಟಿನದ್ದಾ?

ಬದಿಯಡ್ಕ_ಮನೆ
ಕೆಂಪುಕಲ್ಲಿನ ಕೋರೆ ಹತ್ತಿರವೇ ಉಂಟು, ಹಟ್ಟಿಗೆ ಹಳೇ ಆಸ್ಬೆಸ್ಟಾಸ್ ಶೀಟು. ಕಿಟಕಿ ದಳಿಯಲ್ಲಿ ಎರಡೇ ದಿನಕ್ಕೆ ಧೂಳು ಕೂರ್ತದೆ. ಶಾಲೆಯ ಮೈಕ್ರೋಸ್ಕೋಪಲ್ಲಿ (400 ಪಟ್ಟು) ಸೆಲೋಟೇಪಿಗೆ ಅಂಟಿಸಿ ನೋಡಿದರೆ ಬರೀ ಕಪ್ಪು ಚುಕ್ಕೆ. ಎಲ್ಲಿ ತಪ್ತಾ ಉಂಟು?

ಸ್ಲೈಡು_ಗ್ಲಿಸರಿನ್
ಬೆಳಕು ಕೆಳಗಿನಿಂದ ಮಾತ್ರ ಬಂದರೆ ಕೆಂಪುಕಲ್ಲಿನ ಕಬ್ಬಿಣದ ಆಕ್ಸೈಡ್ ಕಪ್ಪಾಗಿಯೇ ಕಾಣುವುದು. ಕೆಳಗಿನ ದೀಪ ಆರಿಸಿ, 40 ಪಟ್ಟಿನಲ್ಲಿ ಟಾರ್ಚನ್ನು ಓರೆಯಾಗಿ ಮೇಲಿನಿಂದ ಹಿಡಿಯಿರಿ. ಕೆಂಪುಕಲ್ಲಿನ ಹುಡಿ ಇಟ್ಟಿಗೆ ಬಣ್ಣಕ್ಕೆ ತಿರುಗ್ತದೆ, ಮಸಿ ಕಪ್ಪಾಗಿಯೇ ಉಳೀತದೆ.

ಆಮೇಲೆ ಟೇಪು ಬಿಡಿ. ಸೂಜಿಮೊನೆಯಷ್ಟು ಧೂಳು, ಒಂದು ಹನಿ ಗ್ಲಿಸರಿನ್, ಮೇಲೆ ಕವರ್‌ಸ್ಲಿಪ್. ಹಳೇ ಕ್ಯಾಲ್ಕುಲೇಟರ್ ಡಿಸ್‌ಪ್ಲೇಯ ಪೋಲರಾಯ್ಡ್ ಹಾಳೆ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವಂಥದ್ದು) ಒಂದು ಸ್ಲೈಡಿನಡಿಗೆ, ಇನ್ನೊಂದು ಐಪೀಸಿನ ಮೇಲೆ. ಕತ್ತಲಾಗುವವರೆಗೆ ಮೇಲಿನದ್ದನ್ನು ತಿರುಗಿಸಿ. ಆ ಕತ್ತಲಲ್ಲಿ ಸ್ಫಟಿಕದ ಮರಳು ಬೂದು-ಬಿಳಿಯಾಗಿ ಹೊಳೀತದೆ, ಗಾಜಿನ ಚೂರು ಕಾಣುವುದೇ ಇಲ್ಲ, ಪಿಷ್ಟದ ಕಣದಲ್ಲಿ ಕಪ್ಪು ಶಿಲುಬೆ. ಟೇಪು ಇದ್ದರೆ ಅದೇ ಬಣ್ಣ ಬಣ್ಣ ಹೊಳೆದು ದಾರಿ ತಪ್ಪಿಸ್ತದೆ.

ಕೋರೆಯ ಹುಡಿಯ ಸ್ಲೈಡು ಮೊದಲೇ ಮಾಡಿ ಪಕ್ಕದಲ್ಲಿಡಿ. ಗೊತ್ತಿರುವುದನ್ನು ನೋಡಿ ಕಣ್ಣು ಪಳಗದೆ ಗೊತ್ತಿಲ್ಲದ್ದನ್ನು ಗುರುತಿಸಲಿಕ್ಕಾಗದು.

ಮಂಜೇಶ್ವರ_ಲ್ಯಾಬ್
ನಾರು ಕಂಡರೆ: ತಿರುಚಿದ ಚಪ್ಪಟೆ ರಿಬ್ಬನ್ ಹತ್ತಿ. ಕೂದಲಿಗೆ ಹೊರಮೈಯಲ್ಲಿ ಹುರುಪೆ. ಕ್ರೈಸೊಟೈಲ್ ಆಸ್ಬೆಸ್ಟಾಸ್ ಅಲೆಅಲೆಯಾದ ಕಟ್ಟು, ತುದಿ ಬಿಚ್ಚಿದ ಹಗ್ಗದ ಹಾಗೆ. ಆದರೆ ಅದರ ಬಿಡಿ ನಾರು 0.2 ಮೈಕ್ರಾನಿಗಿಂತ ಸಪೂರ ಇರಬಹುದು, ಅದು ಬೆಳಕಿನ ಮೈಕ್ರೋಸ್ಕೋಪಿಗೆ ಸಿಗುವುದಿಲ್ಲ. ಕಾಣಲಿಲ್ಲ ಎಂದು ಇಲ್ಲ ಎನ್ನಬೇಡಿ. ಶೀಟು ಮುರಿಯಬೇಡಿ, ಧೂಳು ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ.

ಬದಿಯಡ್ಕ_ಮನೆ
ಲ್ಯಾಬಿಗೆ ಕಳಿಸುವುದಾದರೆ ಎಷ್ಟು ಬೇಕು, ಯಾವುದರಲ್ಲಿ ಕಟ್ಟುವುದು?

ಮಂಜೇಶ್ವರ_ಲ್ಯಾಬ್
ಮುಚ್ಚಳದ ಸಣ್ಣ ಗಾಜಿನ ಬಾಟ್ಲಿ ಸಾಕು. ಹತ್ತಿ, ಟಿಶ್ಯೂ ಬೇಡವೇ ಬೇಡ, ಅವುಗಳ ನಾರೇ ಮಾದರಿಗೆ ಸೇರ್ತದೆ. ಇಲೆಕ್ಟ್ರಾನ್ ಮೈಕ್ರೋಸ್ಕೋಪಿಗೆ ಚಿಟಿಕೆಗಿಂತ ಕಮ್ಮಿ ಸಾಕು, ಅದರ ಎಕ್ಸ್-ರೇ ಪತ್ತೆಯಲ್ಲಿ ನಾರಿನಲ್ಲಿ ಮೆಗ್ನೀಸಿಯಂ, ಸಿಲಿಕಾನ್ ಒಟ್ಟಿಗೆ ಬಂದರೆ ಕ್ರೈಸೊಟೈಲಿನ ಬಲವಾದ ಸಂಶಯ. ಕೆಂಪುಕಲ್ಲಿನಲ್ಲಿ ಕಬ್ಬಿಣ, ಅಲ್ಯೂಮಿನಿಯಂ ಜಾಸ್ತಿ. ಎಕ್ಸ್‌ಆರ್‌ಡಿಗೆ (ಎಕ್ಸ್-ರೇ ಹಾಯಿಸಿ ಖನಿಜ ಗುರುತಿಸುವ ಪರೀಕ್ಷೆ) ಮಾತ್ರ ಕೆಲವು ನೂರು ಮಿಲಿಗ್ರಾಂ ಬೇಕಾಗ್ತದೆ. ಧೂಳಿನಲ್ಲಿ ಕಬ್ಬಿಣ ಉಂಟೆಂದು ಮೊದಲೇ ಹೇಳಿ, ಆ ಯಂತ್ರದ ಎಕ್ಸ್-ರೇ ಟ್ಯೂಬ್ ತಾಮ್ರದ್ದಾದರೆ ಕಬ್ಬಿಣವೇ ಮಿನುಗಿ ಫಲಿತಾಂಶದ ಸಣ್ಣ ಗೆರೆಗಳು ಮುಚ್ಚಿಹೋಗ್ತವೆ. ಕೋಬಾಲ್ಟ್ ಟ್ಯೂಬ್ ಇದ್ದರೆ ಅದರಲ್ಲೇ ಹಾಕಿಸಿ.