ಹಳೇ ಪ್ರಿಂಟ್ ಫೈಲನ್ನು ಪಿಡಿಎಫ್ ಮಾಡಿದರೆ ಮೊತ್ತದ ಮುಂದೆ 1 ಸೇರಿಕೊಳ್ಳುತ್ತಿದೆ

ಅಡಿಕೆಸೀಮೆ:
ನಮಸ್ಕಾರ. ಸಾಗರದ ಹತ್ತಿರ ಒಂದು ಸಹಕಾರ ಸಂಘದ ಲೆಕ್ಕ ನೋಡಿಕೊಳ್ಳುತ್ತೇನೆ. ಹಳೇ ಫಾಕ್ಸ್‌ಪ್ರೋ (ಹಳೆಯ ಡೇಟಾಬೇಸ್ ತಂತ್ರಾಂಶ) ಪ್ರೋಗ್ರಾಂ ಪ್ರಿಂಟರಿಗೆ ಕಳಿಸಿದ್ದನ್ನೇ ಫೈಲಿಗೂ ಬರೆದಿಟ್ಟಿದೆ. ಕಾಗದದ ಲೆಡ್ಜರಿಗೆ ಗೆದ್ದಲು ಹಿಡಿದಿದೆ, ಹಾಗಾಗಿ ಆಡಿಟರಿಗೆ ಈ ಫೈಲುಗಳನ್ನೇ ಪಿಡಿಎಫ್ ಮಾಡಿ ಕೊಡಬೇಕು. ಆಗ ಇದ್ದದ್ದು ಎಪ್ಸನ್ ಎಲ್‌ಎಕ್ಸ್-300, ಸೂಜಿಯಿಂದ ರಿಬ್ಬನ್ ಹೊಡೆದು ಮುದ್ರಿಸುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್. ಅದು ಗುಜರಿಗೆ ಹೋಗಿ ಕಾಲವಾಯಿತು.

ಪೈಥಾನ್ ಸ್ಕ್ರಿಪ್ಟ್ ಎಸ್ಕೇಪ್ ಕ್ಯಾರೆಕ್ಟರನ್ನೂ (ಮುಂದಿನದ್ದು ಪ್ರಿಂಟರಿಗೆ ಕಮ್ಯಾಂಡ್ ಎಂದು ಹೇಳುವ, ಕಣ್ಣಿಗೆ ಕಾಣದ ಅಕ್ಷರ) ಅದರ ಪಕ್ಕದ ಒಂದು ಅಕ್ಷರವನ್ನೂ ತೆಗೆಯುತ್ತದೆ. 12 ಎಂಬ ಬೈಟ್ (ಫೈಲಿನಲ್ಲಿ ಪ್ರತಿ ಅಕ್ಷರವೂ ಬೈಟ್ ಎಂಬ ಒಂದು ಸಂಖ್ಯೆ; 12 ಅಂದರೆ ಪುಟ ಬದಲಿಸು) ಸಿಕ್ಕಿದಲ್ಲಿ ಹೊಸ ಪುಟ. ಆದರೂ ಲೆಡ್ಜರಿನ ತಲೆಯಲ್ಲಿ ಒಂದು ಇಂಗ್ಲಿಷ್ ಎಚ್ ಉಳಿಯುತ್ತದೆ. ಜಮಾ-ಖರ್ಚಿನ ಫೈಲಿನಲ್ಲಿ ಮೊದಲ ಪುಟ ಖಾಲಿ. ಸದಸ್ಯರ ಹೆಸರಿನ ಸಾಲು ಎರಡೆರಡು ಸಲ. ಇದೆಲ್ಲ ಸಹಿಸಬಹುದು. ಆದರೆ 45,210.00 ಇರಬೇಕಾದ ಮೊತ್ತ 145,210.000 ಆಗಿದೆ! ಫೈಲೇ ಕೆಟ್ಟಿದೆಯಾ?

ಬೈಟ್‌ಭಟ್ಟ:
ಸುಮ್ನೆ 32ಕ್ಕಿಂತ ಕೆಳಗಿನ ಬೈಟುಗಳನ್ನೆಲ್ಲ ಅಳಿಸಿ, 10 (ಹೊಸ ಸಾಲು) ಮತ್ತು 12 ಬಿಟ್ಟು. ಮುಗೀತು.

ರಿಬ್ಬನ್ ರಿಪೇರಿ:
ಭಟ್ಟರೇ, ಹಾಗೆ ಮಾಡಿದರೆ ಸಂಘದ ಮೊತ್ತವೆಲ್ಲ ಮೈನಸ್ ಆಗುತ್ತದೆ. ಎಪ್ಸನ್‌ನಲ್ಲಿ ಅಡಿಗೆರೆಯ ಕಮ್ಯಾಂಡ್ ಅಂದರೆ ಎಸ್ಕೇಪ್, ಹೈಫನ್, 1. ನಿಲ್ಲಿಸಲು ಎಸ್ಕೇಪ್, ಹೈಫನ್, 0. ಎಸ್ಕೇಪ್ ಮಾತ್ರ ಹೋದರೆ ಹೈಫನ್ ಮತ್ತು 1 ಮೊತ್ತಕ್ಕೆ ಅಂಟಿಕೊಳ್ಳುತ್ತವೆ.

ಅಡಿಕೆಸೀಮೆಯವರೇ, ದಾವಣಗೆರೆ ಸುತ್ತ ಡಾಟ್ ಮ್ಯಾಟ್ರಿಕ್ಸ್ ರಿಪೇರಿ ಮಾಡಿಯೇ ಮನೆ ನಡೆಸಿದವನು ನಾನು. ನಿಮ್ಮ ಫೈಲು ಚೆನ್ನಾಗಿಯೇ ಇದೆ. ಕಮ್ಯಾಂಡುಗಳ ಉದ್ದ ಒಂದೇ ಅಲ್ಲ, ಅಷ್ಟೆ. ಅಡಿಗೆರೆಗೆ ಮೂರು ಬೈಟ್ ಬೇಕು, ನೀವು ಎರಡೇ ತೆಗೆದಿದ್ದೀರಿ. ಮುಂದಿನ 1, ಕೊನೆಯ 0 ಎರಡೂ ಅಲ್ಲಿಂದ ಬಂದವು. ಅಲ್ಪವಿರಾಮ ನೋಡಿ: ನಿಜವಾದ ಲಕ್ಷವಾಗಿದ್ದರೆ 1,45,210 ಎಂದು ಇರುತ್ತಿತ್ತು, ಅಲ್ವಾ? ಆದರೆ 4,500ರ ಮುಂದೆ 1 ಕೂತರೆ 14,500. ಅದನ್ನು ಅಲ್ಪವಿರಾಮ ನೋಡಿ ಹಿಡಿಯಲು ಆಗುವುದಿಲ್ಲ. ಆಡಿಟರಿಗೆ ಹೋಗುವ ಮುಂಚೆ ಪ್ರತಿ ಪುಟದ ಸಾಲುಗಳನ್ನು ಕೂಡಿಸಿ ಮೊತ್ತಕ್ಕೆ ತಾಳೆ ನೋಡಲೇಬೇಕು.

ಎಸ್ಕೇಪ್ ಸಿ ಅನ್ನುವುದು ಪುಟದ ಉದ್ದ. 12 ಇಂಚಿನ ಕಾಗದ, ಇಂಚಿಗೆ 6 ಸಾಲು, ಒಟ್ಟು 72. ಆ 72 ಎಂಬ ಬೈಟನ್ನು ಅಕ್ಷರವಾಗಿ ಓದಿದರೆ ಎಚ್. ಸಿ ಆದಮೇಲೆ 0 ಎಂಬ ಬೈಟ್ (ಅಂಕಿ 0 ಅಲ್ಲ) ಬಂದರೆ ಉದ್ದವನ್ನು ಇಂಚಿನಲ್ಲಿ ಹೇಳುತ್ತಿದೆ ಎಂದರ್ಥ, ಆಗ ಇನ್ನೊಂದು ಬೈಟ್ ಜಾಸ್ತಿ. ಅಲ್ಲಿರುವುದು 12! ನಿಮ್ಮ ಸ್ಕ್ರಿಪ್ಟ್ ಅದನ್ನೇ ಹೊಸ ಪುಟ ಅಂದುಕೊಂಡಿದೆ. ಖಾಲಿ ಪುಟ ಬಂದದ್ದು ಹೀಗೆ. ಮೊದಲು ಕಮ್ಯಾಂಡುಗಳನ್ನು ಬಿಡಿಸಿ, ಆಮೇಲೆ ಪುಟ ಕತ್ತರಿಸಿ.

ಎಸ್ಕೇಪ್ ಆದಮೇಲೆ ಬರುವ @, ಇ, ಎಫ್, ಜಿ, ಎಚ್, ಎಂ, ಪಿ, ಅಂಕಿ 0, ಅಂಕಿ 2 ಇವುಗಳಿಗೆ ಬಾಲ (ಹೆಚ್ಚುವರಿ ಬೈಟ್) ಇಲ್ಲ. ಹೈಫನ್, ಡಬ್ಲ್ಯೂ, ಜೆ, 3 ಇವಕ್ಕೆ ಒಂದು ಬೈಟ್ ಬಾಲ. ಪಟ್ಟಿಯಲ್ಲಿ ಇಲ್ಲದ್ದು ಸಿಕ್ಕರೆ ಸ್ಕ್ರಿಪ್ಟ್ ಅಲ್ಲೇ ನಿಲ್ಲಲಿ. ಊಹೆ ಮಾಡಿ ಮುಂದೆ ಹೋಗುವುದು ಬೇಡ.

ಹೆಸರು ಎರಡು ಸಲ ಬರುವುದು ಪ್ರೋಗ್ರಾಮರ್ ಚಾಲಾಕಿತನ. ಒಮ್ಮೆ ಹೊಡೆದು, 13 ಎಂಬ ಬೈಟ್ ಕಳಿಸಿ ಪ್ರಿಂಟರಿನ ತಲೆಯನ್ನು ಎಡಕ್ಕೆ ತಂದು, ಅದರ ಮೇಲೇ ಮತ್ತೆ ಹೊಡೆದರೆ ದಪ್ಪಗೆ ಕಾಣುತ್ತದೆ. ಪೈಥಾನ್ ಟೆಕ್ಸ್ಟ್ ಮೋಡಿನಲ್ಲಿ ತೆರೆದರೆ ಒಂಟಿ 13ನ್ನೂ ಹೊಸ ಸಾಲು ಮಾಡುತ್ತದೆ. ಬೈಟುಗಳನ್ನು ಹಾಗೇ ಓದುವ ಬೈನರಿ ಮೋಡಿನಲ್ಲಿ ತೆರೆಯಿರಿ.

ಶಿಫ್ಟ್ ಮೂರು:
ಮೈನ್‌ಫ್ರೇಮ್ (ದೊಡ್ಡ ಸಂಸ್ಥೆಗಳ ಬೃಹತ್ ಕಂಪ್ಯೂಟರ್) ಕಡೆಯವನು. ನಮ್ಮಲ್ಲಿ ಪ್ರತಿ ಸಾಲಿನ ಮೊದಲ ಕಾಲಂ ಪ್ರಿಂಟರಿಗೇ ಮೀಸಲು. ಅಲ್ಲಿ 1 ಇದ್ದರೆ ಹೊಸ ಪುಟ, 0 ಇದ್ದರೆ ಒಂದು ಸಾಲು ಖಾಲಿ, ಹೈಫನ್‌ಗೆ ಎರಡು ಖಾಲಿ, ಪ್ಲಸ್ ಇದ್ದರೆ ಹಿಂದಿನ ಸಾಲಿನ ಮೇಲೇ ಮುದ್ರಣ. ಹಾಗಾಗಿ 132 ಅಕ್ಷರದ ವರದಿಗೆ ಫೈಲಿನಲ್ಲಿ 133 ಅಕ್ಷರದ ಸಾಲು. ನಿಮ್ಮ 1 ಸಾಲಿನ ನಡುವೆ ಬರುತ್ತಿದೆ, ಹಾಗಾಗಿ ಇದು ಆ ಜಾತಿಯದ್ದಲ್ಲ. ಇದೇ ತೊಂದರೆಗೆ ಹುಡುಕಿಕೊಂಡು ಬರುವವರು 1 ಸಾಲಿನ ಮೊದಲ ಕಾಲಂನಲ್ಲಿದೆಯೇ ಎಂದು ಮೊದಲು ನೋಡಿ.

ಅಡಿಕೆಸೀಮೆ:
ರಿಪೇರಿ ಸರ್, ಮೊತ್ತ ತಾಳೆ ಆಯಿತು! ಪುಟವೂ ಸರಿ. ಈಗ ಎರಡು ತಕರಾರು. 132 ಕಾಲಂನ ಸಾಲು ಬಲಗಡೆ ಕತ್ತರಿಸಿ ಹೋಗುತ್ತಿದೆ. ಚೌಕದ ಗೆರೆ ಇರಬೇಕಾದ ಕಡೆ ತಲೆ ಮೇಲೆ ಎರಡು ಚುಕ್ಕಿ ಇರುವ ಇಂಗ್ಲಿಷ್ ಎ ಸಾಲುಗಟ್ಟಿದೆ.

ರಿಬ್ಬನ್ ರಿಪೇರಿ:
ಗೆರೆಗೆ ಕೋಡ್ ಪೇಜ್ (ಯಾವ ಬೈಟಿಗೆ ಯಾವ ಚಿಹ್ನೆ ಎಂಬ ಪಟ್ಟಿ) 437 ಅಂತ ಹೇಳಿ ಓದಿಸಿ. ಅದರಲ್ಲಿ 196 ಅಂದರೆ ಅಡ್ಡಗೆರೆ. ನಿಮ್ಮ ಸ್ಕ್ರಿಪ್ಟ್ ಲ್ಯಾಟಿನ್-1 ಎಂಬ ಬೇರೆ ಪಟ್ಟಿಯಲ್ಲಿ ಓದುತ್ತಿದೆ.

ಅಗಲಕ್ಕೆ: ಫೈಲಿನಲ್ಲಿ 15 ಎಂಬ ಬೈಟ್ ಇದ್ದರೆ ಅದು ಕಂಡೆನ್ಸ್ಡ್ (ಇಕ್ಕಟ್ಟಾದ ಅಕ್ಷರ) ಶುರು, 18 ಇದ್ದರೆ ಮುಕ್ತಾಯ. ಕಂಡೆನ್ಸ್ಡ್‌ನಲ್ಲಿ ಇಂಚಿಗೆ ಸುಮಾರು 17 ಅಕ್ಷರ. ಕೊರಿಯರ್ ಫಾಂಟ್ 7 ಪಾಯಿಂಟ್ ಹಾಕಿದರೆ ಅದೇ ಅಳತೆ, 132 ಅಕ್ಷರಕ್ಕೆ 7.7 ಇಂಚು. ಎ4 ಕಾಗದದ ಅಗಲ 8.27 ಇಂಚು, ಅಡ್ಡ ತಿರುಗಿಸುವುದೇ ಬೇಡ. ಎತ್ತರ ಮಾತ್ರ 12 ಇಂಚಿಲ್ಲ, 11.69. ಸಾಲಿಗೆ 12 ಪಾಯಿಂಟ್ ಬದಲು 11 ಕೊಡಿ, 72 ಸಾಲೂ ಹಿಡಿಯುತ್ತವೆ.

ಮೂಲ ಫೈಲುಗಳನ್ನು ಅಳಿಸಬೇಡಿ. ಆಡಿಟರು ತಗಾದೆ ತೆಗೆದರೆ ತೋರಿಸಲು ಅವೇ ಬೇಕು.