ಅಪ್‌ಡೇಟ್: ಇಆರ್‌ಕೆ ಕೊನೆಗೂ ಇಳಿಯಿತು

ಹೋದ ವಾರ ಕೇಳಿದ್ದೆ: ಪಿಸಿ12 ಜೀವಕೋಶದ (ಇಲಿಯ ಗೆಡ್ಡೆಯಿಂದ ಬಂದ, ಲ್ಯಾಬಿನಲ್ಲಿ ಬೆಳೆಸುವ ಕೋಶ) ನನ್ನ ಕಂಪ್ಯೂಟರ್ ಮಾದರಿಯಲ್ಲಿ ಇಜಿಎಫ್ (ಕೋಶಕ್ಕೆ ಬೆಳೆ ಅಂತ ಹೇಳುವ ಪ್ರೋಟೀನ್) ಕೊಟ್ಟರೆ ಇಆರ್‌ಕೆ (ಆ ಸಂಕೇತವನ್ನು ಕೋಶದೊಳಗೆ ದಾಟಿಸುವ ಕಿಣ್ವ) ಚಟುವಟಿಕೆ ಏರಿ ಅಲ್ಲೇ ನಿಂತುಬಿಡುತ್ತೆ, ಯಾಕೆ ಅಂತ. ನಿಜವಾದ ಕೋಶದಲ್ಲಿ ಅದು ಕೆಲವೇ ನಿಮಿಷದಲ್ಲಿ ಏರಿ ಇಳಿಯುತ್ತೆ. ಎನ್‌ಜಿಎಫ್ (ನರ ಬೆಳೆಸುವ ಪ್ರೋಟೀನ್) ಕೊಟ್ಟಾಗ ಮಾತ್ರ ಗಂಟೆಗಟ್ಟಲೆ ಉಳಿಯುತ್ತೆ, ಕೋಶ ನರಕೋಶದ ಹಾಗೆ ಎಳೆ ಚಾಚುತ್ತೆ.

"ಫೀಡ್‌ಬ್ಯಾಕ್ (ಇಆರ್‌ಕೆ ತನ್ನನ್ನೇ ತಡೆಯುವ ಸುತ್ತು) ಹಾಕಿದ್ದೀರಾ?" ಅಂತ ಕೇಳಿದವರ ಅನುಮಾನವೇ ಸರಿ. ಸಕ್ರಿಯ ಇಆರ್‌ಕೆ ಸಾಸ್ ಪ್ರೋಟೀನಿಗೆ ಫಾಸ್ಫೇಟ್ ಅಂಟಿಸಿ, ಅದನ್ನು ಜೊತೆಗಾರ ಪ್ರೋಟೀನ್ ಗ್ರಬ್2ನಿಂದ ಬಿಡಿಸುತ್ತೆ; ಆಗ ಇಆರ್‌ಕೆಗೆ ಬರುವ ಸಂಕೇತವೇ ಕುಗ್ಗುತ್ತೆ. ಆ ಸಮೀಕರಣವನ್ನೇ ನಾನು ಬರೆದಿರಲಿಲ್ಲ! ಇಜಿಎಫ್ ಹಿಡಿಯುವ ಗ್ರಾಹಕ ಪ್ರೋಟೀನ್ ಕೋಶದೊಳಗೆ ಹೋಗಿ ನಾಶವಾಗೋದನ್ನೂ ಸೇರಿಸಿದೆ. ನಿನ್ನೆ ರಾತ್ರಿ ಮಾದರಿ ಓಡಿಸಿದಾಗ ಇಆರ್‌ಕೆ ಗೆರೆ 6ನೇ ನಿಮಿಷಕ್ಕೆ ತುದಿ ಮುಟ್ಟಿ, 40ರ ಹೊತ್ತಿಗೆ ತಳ ಸೇರಿತು. ತುಂಬಾ ಹೊತ್ತು ಅದನ್ನೇ ನೋಡ್ತಾ ಕೂತಿದ್ದೆ.

ಎಲ್ಲರಿಗೂ ಮನಸಾರೆ ಧನ್ಯವಾದ. ಎನ್‌ಜಿಎಫ್‌ಗೆ ರ‍್ಯಾಪ್1, ಬಿ-ರಾಫ್ ದಾರಿ (ಇಆರ್‌ಕೆಯನ್ನು ಗಂಟೆಗಟ್ಟಲೆ ಉಳಿಸುವ ಪ್ರೋಟೀನುಗಳು) ಸೇರಿಸೋದು ಇನ್ನೂ ಬಾಕಿ ಇದೆ.