ಮೂರು ತಿಂಗಳ ಕೃಷಿ–ಸಂರಕ್ಷಣಾ ತರಬೇತಿ: ಯಾವುದನ್ನು ಮೊದಲು ಕಲಿಸಬೇಕು?

ಪ್ರಶ್ನೆ
15 ಜನ ಯುವಕ ಯುವತಿಯರಿಗೆ ಮೂರು ತಿಂಗಳ ತರಬೇತಿ ನಡೆಸಲಿದ್ದೇವೆ. ಮುಗಿದ ಮೇಲೆ ಕೆಲವರು ತೋಟಗಳಿಗೆ, ಕೆಲವರು ನರ್ಸರಿಗೆ, ಇನ್ನು ಕೆಲವರು ಕಾಡು, ಹುಲ್ಲುಗಾವಲುಗಳ ಸಂರಕ್ಷಣೆಯ ಕೆಲಸಕ್ಕೆ ಹೋಗುವವರು. ಅಭ್ಯಾಸಕ್ಕೆ ಅರ್ಧ ಎಕರೆ ಇಳಿಜಾರು ಜಾಗ ಇದೆ. ಯಾವ ಕ್ರಮದಲ್ಲಿ ಕಲಿಸಿದರೆ ಒಳ್ಳೆಯದು? ಕೊನೆಗೆ ಬರವಣಿಗೆಯ ಪರೀಕ್ಷೆ ಸಾಕೇ?

ಉತ್ತರ 1
ಮೊದಲ ದಿನವೇ ಬೀಜ ಬಿತ್ತಿಸಿ. ಮೊಳಕೆಗೆ ಬೇಕಾದ ಕಾಲವನ್ನು ಯಾರೂ ಕಡಿಮೆ ಮಾಡಲಾರರು; ಎರಡನೇ ತಿಂಗಳಲ್ಲಿ ಬಿತ್ತಿದರೆ ಸಸಿ ಎತ್ತಿ ಚೀಲಕ್ಕೆ ನೆಡುವುದನ್ನು ಕಲಿಸುವ ಹೊತ್ತಿಗೆ ತರಬೇತಿ ಮುಗಿದಿರುತ್ತದೆ. ಸುಬಾಬುಲ್‌ನಂಥ ಗಟ್ಟಿ ಸಿಪ್ಪೆಯ ಬೀಜವಾದರೆ ಕುದಿಸಿ ಒಲೆಯಿಂದ ಇಳಿಸಿದ ನೀರಿಗೆ ಹಾಕಿ, ಅದೇ ನೀರಲ್ಲಿ ರಾತ್ರಿಯಿಡೀ ಬಿಡಿ, ಉಬ್ಬಿದ್ದನ್ನು ಮಾತ್ರ ಬಿತ್ತಿ. ಒಲೆಯ ಮೇಲೆ ಇಟ್ಟೇ ಬೀಜ ಕುದಿಸಿದರೆ ಸತ್ತುಹೋಗುತ್ತದೆ. ಬೇವು, ಹಲಸಿನ ಬೀಜ ಒಣಗಿಸಿಟ್ಟರೆ ಹುಟ್ಟುವ ಶಕ್ತಿ ಬೇಗ ಹೋಗುತ್ತದೆ, ತಾಜಾ ಇರುವಾಗಲೇ ಹಾಕಬೇಕು.

ಕಲಿಯುವವರು ಹೆಚ್ಚು ತಪ್ಪುವುದು ಸಸಿ ಎತ್ತಿ ನೆಡುವಾಗ. ಕುಳಿ ಆಳ ಸಾಲದೆ ತಾಯಿಬೇರು ಮೇಲಕ್ಕೆ ಮಡಚಿಕೊಂಡರೆ, ಸಸಿ ಮೇಲೆ ಚೆನ್ನಾಗಿಯೇ ಕಾಣುತ್ತದೆ, ನೆಟ್ಟ ವರ್ಷಗಳ ಮೇಲೆ ಗಾಳಿಗೆ ಬೀಳುತ್ತದೆ. ಆದ್ದರಿಂದ ಪರೀಕ್ಷೆ ಹೀಗಿರಲಿ: ಪ್ರತಿಯೊಬ್ಬರು ನೆಟ್ಟ ಚೀಲಗಳಲ್ಲಿ ಯಾವುದಾದರೂ ಐದನ್ನು ನೀವೇ ಆರಿಸಿ ಕತ್ತರಿಸಿ, ಮಣ್ಣು ತೊಳೆದು, ಬೇರು ನೋಡಿ. ಬರವಣಿಗೆಯ ಪರೀಕ್ಷೆಯಲ್ಲಿ ಇದು ತಿಳಿಯುವುದಿಲ್ಲ.

ಉತ್ತರ 2
ಇಳಿಜಾರು ಇದೆಯಲ್ಲ, ‘ಎ’ ಚೌಕಟ್ಟು ಖಂಡಿತ ಕಲಿಸಿ; ಇಳಿಜಾರಿನಲ್ಲಿ ಒಂದೇ ಎತ್ತರದ ಬಿಂದುಗಳನ್ನು ಹುಡುಕಿ ಬದುವಿಗೆ ರೇಖೆ ಹಾಕುವ ಸಾಧನ ಅದು. ಎರಡು ಮೀಟರಿನ ಎರಡು ಕೋಲು, ನಡುವೆ ಅಡ್ಡಪಟ್ಟಿ, ತುದಿಯಿಂದ ಕಲ್ಲು ಕಟ್ಟಿದ ದಾರ, ಇಷ್ಟೇ ಸಾಮಾನು. ಎರಡು ಗೂಟಗಳ ಮೇಲೆ ಕಾಲುಗಳನ್ನಿಟ್ಟು ಅಡ್ಡಪಟ್ಟಿಯ ಮೇಲೆ ದಾರ ಬಿದ್ದಲ್ಲಿ ಗುರುತು ಮಾಡಿ, ಕಾಲುಗಳನ್ನು ಅದಲು ಬದಲು ಮಾಡಿ ಮತ್ತೊಂದು ಗುರುತು ಮಾಡಿ. ಎರಡರ ನಡುವಿನ ಬಿಂದುವೇ ಸಮಮಟ್ಟ: ದಾರ ಅಲ್ಲಿಗೆ ಬಂದರೆ ಎರಡೂ ಕಾಲು ಒಂದೇ ಎತ್ತರದಲ್ಲಿವೆ ಎಂದರ್ಥ, ಆ ಜಾಗಕ್ಕೆ ಗೂಟ ಹೊಡೆಯಿರಿ.

ಮುಂದಿನ ಕಾಲನ್ನು ಸ್ಥಿರವಾಗಿಟ್ಟು ಹಿಂದಿನದನ್ನು ತಿರುಗಿಸಿ ಮುಂದಕ್ಕೆ ತರಬೇಕು. ಚೌಕಟ್ಟನ್ನು ಎತ್ತಿಕೊಂಡು ಹೋಗಿ ಸದಾ ಒಂದೇ ಕಾಲನ್ನು ಮುಂದಿಟ್ಟರೆ ಗುರುತಿನ ತಪ್ಪು ಒಂದೇ ದಿಕ್ಕಿಗೆ ಸೇರುತ್ತಾ ಹೋಗುತ್ತದೆ: ಒಂದು ಹೆಜ್ಜೆಗೆ 1 ಸೆಂಟಿಮೀಟರ್ ಎಂದರೆ 50 ಹೆಜ್ಜೆಗೆ ಅರ್ಧ ಮೀಟರ್! ಆ ರೇಖೆಯ ಮೇಲೆ ಬದು ಹಾಕಿದರೆ ನೀರೆಲ್ಲ ತಗ್ಗಿನ ತುದಿಗೆ ಹರಿದು ಅಲ್ಲೇ ಒಡೆಯುತ್ತದೆ. ಪಾರದರ್ಶಕ ಪೈಪಿನ ನೀರಿನ ಮಟ್ಟದಿಂದ ಕಲಿಯುವವರೇ ತಮ್ಮ ಗೂಟಗಳನ್ನು ಪರಿಶೀಲಿಸಿಕೊಳ್ಳಲಿ. ಗಾಳಿ ಬೀಸುವಾಗ ಈ ಕೆಲಸ ಬೇಡ, ದಾರ ನಿಲ್ಲುವುದಿಲ್ಲ.

ಉತ್ತರ 3
ತೋಟಕ್ಕೆ ಹೋಗುವವರಿಗೆ ಕೊಂಬೆ ಸವರುವುದಕ್ಕೆ ಮುಂಚೆ ಹತ್ಯಾರು ಮಸೆಯುವುದು ಬರಲಿ. ಕತ್ತರಿಯ ಅಲಗಿನ ಇಳಿಜಾರು ಮುಖಕ್ಕೆ ಮಾತ್ರ ಅರ ಹಾಕಬೇಕು. ಚಪ್ಪಟೆ ಮುಖವನ್ನೂ ಉಜ್ಜಿದರೆ ಅಲಗುಗಳ ನಡುವೆ ಸಂದು ಬಿದ್ದು ಕಡ್ಡಿ ಕತ್ತರಿಸುವ ಬದಲು ಜಜ್ಜುತ್ತದೆ. ದಪ್ಪ ಕೊಂಬೆಗೆ ಮೂರು ಕೊಯ್ತ: ಕಾಂಡದಿಂದ ಸುಮಾರು 30 ಸೆಂ.ಮೀ. ಆಚೆ ಕೆಳಗಿನಿಂದ ಮೂರನೇ ಒಂದು ಭಾಗದಷ್ಟು, ಅದರಿಂದ ತುಸು ಹೊರಗೆ ಮೇಲಿನಿಂದ ಪೂರ್ತಿ, ಆಮೇಲೆ ಬುಡದ ಉಬ್ಬಿಗೆ ಧಕ್ಕೆಯಾಗದಂತೆ ಉಳಿದ ಮೊಂಡು ಕೊಂಬೆಯನ್ನು. ಮೊದಲನೆಯದನ್ನು ಬಿಟ್ಟರೆ ಬೀಳುವ ಕೊಂಬೆ ಕಾಂಡದ ತೊಗಟೆಯನ್ನೂ ಸೀಳಿಕೊಂಡು ಹೋಗುತ್ತದೆ.

ಸಂರಕ್ಷಣೆಗೆ ಹೋಗುವವರಿಗೆ ಎಣಿಕೆ ಮುಖ್ಯ, ಅಂದರೆ ನೆಲದ ಮೇಲೆ ಚೌಕ ಇಟ್ಟು ಅದರೊಳಗಿನ ಗಿಡ ಎಣಿಸುವುದು. ಒಂದು ಮೀಟರಿನ ಚೌಕವನ್ನು ಎಲ್ಲಿಡಬೇಕೆಂದು ಅವರಿಗೇ ಬಿಟ್ಟರೆ ಗಿಡ ಹೆಚ್ಚಿರುವ ಕಡೆಯೇ ಇಡುತ್ತಾರೆ. ಉದ್ದಕ್ಕೆ ಎಷ್ಟು ದೂರ, ಅಗಲಕ್ಕೆ ಎಷ್ಟು ದೂರ ಎಂಬುದಕ್ಕೆ ಚೀಟಿ ಎತ್ತಿಸಿ ಜಾಗ ನಿರ್ಧರಿಸಿ. ಇನ್ನೊಂದು ವಿಷಯ ದಯವಿಟ್ಟು ಬಿಡಬೇಡಿ: ಸಹಜ ಹುಲ್ಲುಗಾವಲಿನಲ್ಲಿ ಮರ ನೆಟ್ಟರೆ ನೆರಳಿಗೆ ಹುಲ್ಲು ಹೋಗಿ ಅದನ್ನೇ ನಂಬಿದ ಹಕ್ಕಿ, ಕೀಟಗಳೂ ಹೋಗುತ್ತವೆ. ಎಲ್ಲಿ ನೆಡಬಾರದು ಎಂಬುದನ್ನೂ ಕಲಿಸಿ.

ಪ್ರಶ್ನೆ ಕೇಳಿದವರು
ಧನ್ಯವಾದ. 15 ಜನಕ್ಕೆ ಎಷ್ಟು ಚೌಕಟ್ಟು ಬೇಕು?

ಉತ್ತರ 2
ಐದು. ಒಬ್ಬರು ಕಾಲು ತಿರುಗಿಸಲಿ, ಒಬ್ಬರು ದಾರ ನೋಡಲಿ, ಒಬ್ಬರು ಗೂಟ ಹೊಡೆಯಲಿ. ಹತ್ತು ಗೂಟಕ್ಕೊಮ್ಮೆ ಕೆಲಸ ಬದಲಿಸಿ. ಇಲ್ಲದಿದ್ದರೆ ಚುರುಕಾದವರು ದಾರ ಬಿಟ್ಟುಕೊಡುವುದಿಲ್ಲ, ಉಳಿದವರು ಮೂರು ತಿಂಗಳೂ ಗೂಟವನ್ನೇ ಹೊಡೆಯುತ್ತಾರೆ.